ತಮ್ಮಯ್ಯ ರುಚಿ ನೋಡದ ಉಪ್ಪು

ಅಜ್ಜಂಪುರದಲ್ಲಿ ತಮ್ಮಯ್ಯನ ಮನೆಗೆ ಊಟಕ್ಕೆ ಹೋದವರು ಎರಡನೇ ಸಲ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹೆಂಡತಿ ಹಾಲಮ್ಮನ ಕೈಯಡುಗೆ ಕೆಟ್ಟದ್ದು ಅಂತ ಅಲ್ಲ. ಆ ಮನೆಯ ಸಾರಿಗೆ ಉಪ್ಪೇ ಬೀಳುತ್ತಿರಲಿಲ್ಲ. ಹಾಲಮ್ಮ ತನ್ನ ಪಾಲಿಗೆ ತಟ್ಟೆ ಅಂಚಿನಲ್ಲಿ ಒಂದು ಚಿಟಿಕೆ ಇಟ್ಟುಕೊಳ್ಳುತ್ತಿದ್ದಳು, ಗಂಡನಿಗೆ ಅದೂ ಇಲ್ಲ. ಬಿ.ಪಿ. ಇರಬೇಕು ಅಂದವರುಂಟು, ಹರಕೆ ಅಂದವರುಂಟು. ಊರಿನ ಬಾಯಿ, ಸುಮ್ಮನಿರು ಅಂದರೆ ಸುಮ್ಮನಿರುತ್ತದೆಯೇ? ಬಿ.ಪಿ.ಯೂ ಇಲ್ಲ, ಹರಕೆಯೂ ಇಲ್ಲ. 1978ರ ಕಾರ್ತಿಕದ ಒಂದು ಸೋಮವಾರ ಆ ಮನುಷ್ಯ ಒಂದು ಚಿಟಿಕೆ ಉಪ್ಪಿನ ರುಚಿ ನೋಡಬೇಕಾಗಿತ್ತು, ನೋಡಲಿಲ್ಲ. ಸಂಗತಿ ಇಷ್ಟೇ. ಆದರೆ ಅದನ್ನು ಹೇಳಬೇಕಾದರೆ ಅವರಪ್ಪನ ಕತ್ತೆಗಳಿಂದಲೇ ಶುರು ಮಾಡಬೇಕು.

ತಮ್ಮಯ್ಯ ಹುಟ್ಟಿದ್ದು ಚೌಳಹಿರಿಯೂರಿನ ಕಡೆ. ಬೇಸಿಗೆ ಬಂತೆಂದರೆ ತಗ್ಗಿನ ನೆಲದ ಮೇಲೆ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ ಚೌಳು ಉಕ್ಕುತ್ತದೆ. ಅಪ್ಪ ಲಕ್ಕಣ್ಣ ಆ ಮಣ್ಣನ್ನು ಕೆರೆದು, ಎರಡು ಕತ್ತೆಗಳ ಮೇಲೆ ಹೇರಿ, ಬಟ್ಟೆ ಒಗೆಯುವವರ ಮನೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದ. ಚೌಳು ಕಲಸಿದ ನೀರಲ್ಲಿ ಕುದಿಸಿದರೆ ಎಂಥ ಕೊಳೆಯೂ ಬಿಡಬೇಕು. ಹಾಗೇ ಕೈಯ ಚರ್ಮವೂ ಬಿಡುತ್ತಿತ್ತು. ಮಗ ಬೆರಳು ಊದುತ್ತಾ ಬಂದರೆ ಅಮ್ಮ ಮೊದಲು ನೀರು ಹುಯ್ದು ತೊಳೆದು, ಆಮೇಲೆ ತಿಳಿಯಾದ ಹುಣಿಸೆ ನೀರಲ್ಲಿ ಅದ್ದಿಸುತ್ತಿದ್ದಳು. "ಹುಳಿ ಬಿದ್ರೆ ಚೌಳು ಸಾಯ್ತದೆ ಕಣೋ" ಅನ್ನುತ್ತಿದ್ದಳು. ತಮ್ಮಯ್ಯ ಸ್ಕೂಲಿಗೆ ಅಂತ ಹೋದದ್ದು ಮೂರೇ ದಿನ. ನಾಲ್ಕನೇ ದಿನ ಕೈಗೆ ಕತ್ತೆಯ ಹಗ್ಗ ಬಂತು. ಒಂದಕ್ಷರ ಬರಲಿಲ್ಲ.

1957ರಲ್ಲಿ ಅಜ್ಜಂಪುರದ ಒಂದು ಹೈಸ್ಕೂಲಿಗೆ ಜವಾನನಾಗಿ ಸೇರಿದ. ಸ್ಕೂಲಿನ ಹೆಸರು ಬೇಡ. ಈಗ ಆ ಕಟ್ಟಡವೂ ಇಲ್ಲ, ನಡೆಸುತ್ತಿದ್ದ ಕಮಿಟಿಯೂ ಇಲ್ಲ. ಮರುವರ್ಷ ತರೀಕೆರೆಯಿಂದ ಓಂಕಾರಮೂರ್ತಿ ಅನ್ನುವ ಹೊಸ ಸೈನ್ಸ್ ಮೇಷ್ಟ್ರು ಬಂದರು. ತೆಳ್ಳಗೆ, ಹಣೆಗೆ ವಿಭೂತಿ, ಬಾಯಿ ತೆರೆದರೆ ತಮಾಷೆ. ತಮ್ಮಯ್ಯನ ಕೈ ನಡುಗುವುದಿಲ್ಲ ಅನ್ನುವುದನ್ನು ಅವರು ಒಂದೇ ವಾರದಲ್ಲಿ ಕಂಡುಕೊಂಡರು. "ಇವನನ್ನ ನಂಗೆ ಲ್ಯಾಬಿಗೆ ಕೊಡಿ" ಅಂತ ಹಟ ಹಿಡಿದರು. ಅಟೆಂಡರ್ ಕೆಲಸಕ್ಕೆ ಓದು ಬರಹ ಗೊತ್ತಿರಬೇಕು ಅಂತ ಕಾಯಿದೆ. ಗುಮಾಸ್ತ ಕೇಳಿದ. ತಮ್ಮಯ್ಯ ಎದೆ ಸೆಟೆದು, "ನಾಲ್ಕನೇ ಕ್ಲಾಸ್ ಆಗೈತೆ ಸಾರ್" ಅಂದುಬಿಟ್ಟ. ಹಾಲಮ್ಮನ ಅಣ್ಣನ ಕೈಲಿ ತನ್ನ ಹೆಸರಿನ ಮೂರಕ್ಷರವನ್ನು ನೆಲದ ಮೇಲೆ ಬರೆಸಿಕೊಂಡು, ರಂಗೋಲಿ ಎಳೆ ಕಲಿತ ಹಾಗೆ ಕಲಿತ. ಆ ಸಹಿಯೊಂದೇ ಅವನ ವಿದ್ಯೆ. ಗುಟ್ಟು ಹೊರಗೆ ಬಿದ್ದರೆ ಕೆಲಸ ಹೋಗುತ್ತದೆ, ಮರ್ಯಾದೆ ಮೊದಲು ಹೋಗುತ್ತದೆ ಅನ್ನುವ ಅಳುಕು ಅವತ್ತಿನಿಂದ ಅವನ ಹೊಟ್ಟೆಯಲ್ಲಿ ಕೂತಿತು.

ಹಾಗಾದರೆ ಲ್ಯಾಬಿನ ನೂರಾರು ಬಾಟ್ಲಿಗಳನ್ನು ಹೇಗೆ ಗುರುತು ಹಿಡಿಯುತ್ತಿದ್ದ? ಜಾಗದಿಂದ. ಮೇಲಿನ ಹಲಗೆಯಲ್ಲಿ ಎಡದಿಂದ ಮೂರನೆಯದು ಹೊಗೆಯಾಡುವ ಆಸಿಡ್ಡು. ಅದರ ಪಕ್ಕ ಬ್ಯಾಟರಿಗೆ ಹಾಕುವ ಆಸಿಡ್ಡು. ನಡು ಹಲಗೆಯಲ್ಲಿ ಬಲತುದಿಯದು ಕಾಸ್ಟಿಕ್ ಸೋಡಾ ನೀರು. ಅದನ್ನು ಅವನು ತನ್ನೊಳಗೇ ಚೌಳಿನ ಬಾಟ್ಲಿ ಅಂತ ಕರೆದುಕೊಳ್ಳುತ್ತಿದ್ದ, ಬೆರಳಿಗೆ ತಗಲಿದರೆ ಅದೇ ಜಾರಿಕೆ, ಅದೇ ಕಡಿತ. ಎಡತುದಿಯದು ಹಾಲಿನ ಬಾಟ್ಲಿ. ನೋಡಲಿಕ್ಕೆ ಅದೂ ನೀರೇ. ಆದರೆ ಅದರೊಳಕ್ಕೆ ಕೊಳವೆಯಿಂದ ಉಸಿರು ಊದಿದರೆ ಹಾಲಾಗುತ್ತಿತ್ತು, ಬ್ಯಾಟರಿ ಆಸಿಡ್ಡು ಒಂದು ಹನಿ ಬಿದ್ದರೆ ಗಟ್ಟಿ ಹಾಲಾಗುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಬೇರಿಯಂ ಅನ್ನುವುದರಿಂದ ಮಾಡಿದ್ದು ಅಂತ ಮೇಷ್ಟ್ರು ಹೇಳಿದ್ದರು. ಆ ಒಂದು ಬಾಟ್ಲಿಯ ಮಾತು ಬಂದಾಗ ಮಾತ್ರ ಅವರ ಮುಖದಲ್ಲಿ ತಮಾಷೆ ಇರುತ್ತಿರಲಿಲ್ಲ.

"ನೋಡು ತಮ್ಮಯ್ಯ, ಇದೂ ಚೌಳಿನ ಜಾತೀದೇ. ಆಸಿಡ್ ಜೊತೆ ಸೇರಿದ್ರೆ ಇದೂ ಉಪ್ಪೇ ಆಗೋದು. ಬೆಳ್ಳಗೇ ಇರ್ತದೆ. ಆದ್ರೆ ಬಾಯಿಗೆ ಹೋದ್ರೆ ಮನುಷ್ಯ ಉಳಿಯಲ್ಲ. ನೆನಪಿರ್ಲಿ."

"ಇರ್ತದೆ ಸಾರ್."

ವರ್ಷಕ್ಕೊಂದು ಸಲ ಹತ್ತನೇ ಕ್ಲಾಸಿಗೆ ಉಪ್ಪಿನ ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ 'ಆಮ್ಲ + ಕ್ಷಾರ = ಲವಣ + ನೀರು' ಅಂತ ಬರೆಯುವರು. ಉಪ್ಪು ಮಾಡುವ ಕೆಲಸ ತಮ್ಮಯ್ಯನದು. ಬಟ್ಟಲಲ್ಲಿ ಅಳೆದ ಕಾಸ್ಟಿಕ್ ನೀರು, ಅದಕ್ಕೆ ಬಣ್ಣದ ಔಷಧಿ ಎರಡು ಹನಿ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೇಲಿನಿಂದ ಗೀಟು ಹಾಕಿದ ಗಾಜಿನ ಕೊಳವೆಯಲ್ಲಿ, ನೀರು ಬೆರೆಸಿದ ಹೊಗೆಯಾಡುವ ಆಸಿಡ್ಡನ್ನು ಹನಿಹನಿಯಾಗಿ ಬಿಡುತ್ತಾ ಬಂದರೆ, ಯಾವುದೋ ಒಂದು ಹನಿಗೆ ಆ ಬಣ್ಣ ಪಟ್ಟನೆ ಮಾಯ. ಅಲ್ಲಿಗೆ ನಿಲ್ಲಿಸಬೇಕು. ಎಷ್ಟು ಗೀಟಿಗೆ ನಿಂತಿತು ಅಂತ ನೋಡಿಕೊಂಡು, ಎರಡನೇ ಸಲ ಬಣ್ಣ ಹಾಕದೆ ಅದೇ ಅಳತೆಯಲ್ಲಿ ಎರಡನ್ನೂ ಬೆರೆಸಿ, ಪಿಂಗಾಣಿ ಬಟ್ಟಲಲ್ಲಿ ಕಾಯಿಸಿ ಇಂಗಿಸಿದರೆ ತಳದಲ್ಲಿ ಬೆಳ್ಳನೆ ಉಪ್ಪು. ಮೊದಲ ಸಲ ಅದನ್ನು ಕಂಡಾಗ ತಮ್ಮಯ್ಯನಿಗೆ ಕಣ್ಣಲ್ಲಿ ನೀರು ಬಂದಿತ್ತು. ಈ ಕಡೆಯದು ಕೈ ಸುಡುತ್ತದೆ, ಆ ಕಡೆಯದು ಕೈ ಕೊರೆಯುತ್ತದೆ, ಎರಡೂ ಸೇರಿದರೆ ಮುದ್ದೆ ಸಾರಿಗೆ ಹಾಕುವ ಉಪ್ಪು! ಅಮ್ಮನ ಹುಣಿಸೆ ನೀರಿನ ಮಾತು ಅವನಿಗೆ ಆವತ್ತು ಪೂರಾ ಅರ್ಥವಾಯಿತು.

ಪಾಠದ ಕೊನೆಗೆ ಒಂದು ಪದ್ಧತಿ ಇತ್ತು. ಮೊದಲು ಒಳಗಿನ ಕೋಣೆಯಲ್ಲಿ ತಮ್ಮಯ್ಯ ಒಂದು ಹರಳು ನಾಲಿಗೆಗೆ ಇಟ್ಟು ರುಚಿ ನೋಡಬೇಕು. ಆಮೇಲೆ ಮೇಷ್ಟ್ರು ಕ್ಲಾಸಿನ ಮುಂದೆ ಸೌತೆಕಾಯಿ ಹೋಳಿಗೆ ಆ ಉಪ್ಪನ್ನು ದಂಡಿಯಾಗಿ ಒತ್ತಿಕೊಂಡು ಕರಕರ ಅಂತ ತಿನ್ನುವರು. ತಿನ್ನುವ ಮುಂಚೆ ಪ್ರತಿ ವರ್ಷ ಅದೇ ಮಾತು: "ತಮ್ಮಯ್ಯ ತಿಂದಿದಾನೆ, ಇನ್ನೂ ನಿಂತಿದಾನೆ. ಹಂಗಾದ್ರೆ ನಾನೂ ತಿನ್ನಬಹುದು!" ಮಕ್ಕಳು ಬಿದ್ದು ಬಿದ್ದು ನಗುವರು. ಆಮೇಲೆ ಮಕ್ಕಳೆಲ್ಲ ಸಾಲಾಗಿ ಬಂದು ಕೈ ಒಡ್ಡಿದರೆ ಒಂದೊಂದು ಹರಳು, ಒಂದೊಂದು ಹೋಳು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಆ ತಮಾಷೆಯ ಮಾತಿನ ಮೇಲೆ ಅಷ್ಟೂ ಜನರ ಜೀವ ನಿಂತಿದೆ ಅಂತ ಯಾರಿಗೆ ತಾನೇ ಹೊಳೆಯಬೇಕು?

1978ರ ಆಯುಧಪೂಜೆ. ಬೇರೆಯವರು ಲಾರಿ, ನೇಗಿಲು ತೊಳೆದರೆ ಸ್ಕೂಲಿನ ಲ್ಯಾಬಿನಲ್ಲಿ ಬಾಟ್ಲಿಗಳನ್ನು ಒರೆಸಿ, ವಿಭೂತಿ ಬಳಿದು, ಹೂವಿಟ್ಟು ಪೂಜೆ. ತಮ್ಮಯ್ಯ ಬಲು ಹುಷಾರು. ಪ್ರತಿ ವರ್ಷ ಒಂದು ಬಾಟ್ಲಿ ತೆಗೆದು, ಒರೆಸಿ, ಅದನ್ನು ಜಾಗಕ್ಕೆ ಇಟ್ಟ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುತ್ತಿದ್ದ. ಆ ವರ್ಷ ನಡು ಹಲಗೆಗೆ ಗೆದ್ದಲು ಹಿಡಿದು, ಬಡಗಿ ಬಂದು ಹೊಸದು ಹಾಕಿದ. ಬಾಟ್ಲಿಗಳೆಲ್ಲ ನೆಲದ ಮೇಲೆ. ಓಂಕಾರಮೂರ್ತಿ ಮೇಷ್ಟ್ರು ಹಬ್ಬಕ್ಕೆ ತರೀಕೆರೆಗೆ ಹೋಗಿದ್ದರು. ಆ ಕಡೆಯಿಂದ ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಪ್ಪನವರು, "ತಮ್ಮಯ್ಯಾ, ತೆಂಗಿನಕಾಯಿ ಎಲ್ಲಿಟ್ಟಿದೀಯೋ? ಹೊತ್ತಾಯ್ತು!" ಅಂತ ಕೂಗುತ್ತಿದ್ದಾರೆ. ಅವಸರಕ್ಕೆ ತಮ್ಮಯ್ಯ ಎರಡು ಬಾಟ್ಲಿಗಳನ್ನು ಒಟ್ಟಿಗೇ ತೊಟ್ಟಿಯ ನೀರಿಗೆ ಅದ್ದಿಬಿಟ್ಟ. ಎತ್ತಿದರೆ ಎರಡರ ಚೀಟಿಗಳೂ ನೀರಲ್ಲಿ ತೇಲುತ್ತಿವೆ. ಯಾವುವು ಗೊತ್ತೇ? ಚೌಳಿನ ಬಾಟ್ಲಿ, ಹಾಲಿನ ಬಾಟ್ಲಿ. ಒಂದೇ ಅಳತೆ, ಒಂದೇ ಗಾಜು, ಒಳಗಿರುವುದು ಎರಡರಲ್ಲೂ ನೀರಿನಂಥ ನೀರು.

ಚೀಟಿಯಲ್ಲಿ ಏನು ಬರೆದಿದೆ ಅಂತ ಅವನಿಗೆ ಗೊತ್ತಿಲ್ಲ. ಯಾವ ಬಾಟ್ಲಿ ಯಾವ ಕೈಯಲ್ಲಿತ್ತು ಅನ್ನುವುದೂ ಮರೆತುಹೋಗಿದೆ. ಬ್ಯಾಟರಿ ಆಸಿಡ್ಡು ಒಂದು ಹನಿ ಬಿಟ್ಟಿದ್ದರೆ ಆಗಲೇ ತೀರ್ಮಾನವಾಗುತ್ತಿತ್ತು, ಹಾಲಾದದ್ದು ಹಾಲಿನ ಬಾಟ್ಲಿ. ಅದು ಅವನ ತಲೆಗೂ ಬಂತು. ಅಷ್ಟರಲ್ಲಿ ಹೆಡ್‌ಮಾಸ್ಟರು ಬಾಗಿಲಿಗೇ ಬಂದರು. ಚೀಟಿ ಹಿಡಿದುಕೊಂಡು ಪರದಾಡುವುದನ್ನು ಅವರು ಕಂಡರೆ, "ಓದೋ ನೋಡೋಣ" ಅಂದರೆ? ತಮ್ಮಯ್ಯ ಚೀಟಿಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಮೈದಾ ಅಂಟು ಹಚ್ಚಿ, ದೇವರ ಮೇಲೆ ಭಾರ ಹಾಕಿ, ಇದಕ್ಕೆ ಇದು, ಅದಕ್ಕೆ ಅದು ಅಂತ ಅಂಟಿಸಿದ. ಮೇಲೆ ಮೂರೆಳೆ ವಿಭೂತಿ ಎಳೆದು, ಒಂದನ್ನು ಬಲತುದಿಗೆ, ಇನ್ನೊಂದನ್ನು ಎಡತುದಿಗೆ ಇಟ್ಟ. ನಾಳೆ ಹನಿ ಹಾಕಿ ನೋಡಿದರಾಯಿತು ಅಂದುಕೊಂಡ. ನಾಳೆ ರಜೆ. ಆಮೇಲೆ ದಸರೆ ಮುಗಿದು, ದೀಪಾವಳಿ ಬಂದು, ಅವನ ಮನಸ್ಸೇ ಅವನಿಗೆ ಸರಿಯಾಗೇ ಇಟ್ಟಿದೀಯ ಬಿಡು ಅಂತ ಹೇಳತೊಡಗಿತು.

ಕಾರ್ತಿಕದ ಎರಡನೇ ಸೋಮವಾರ ಉಪ್ಪಿನ ಪಾಠ ಬಂತು. ಬೆಳಿಗ್ಗೆಯೇ ತಮ್ಮಯ್ಯ ಕೆಲಸಕ್ಕೆ ಕೂತ. ಪ್ರತಿ ವರ್ಷ ಇಪ್ಪತ್ತೈದನೇ ಗೀಟಿಗೆ ಹೋಗುವ ಬಣ್ಣ ಈ ಸಲ ಹದಿನೆಂಟಕ್ಕೇ ಹೋಯಿತು. ಕಾಸ್ಟಿಕ್ ಹಳೇದಾಗಿರಬೇಕು ಅಂದುಕೊಂಡ. ಬಾಟ್ಲಿಯ ಒಳಗೆ ನೀರಿನ ಮೇಲೆ ತೆಳ್ಳನೆ ಬಿಳಿ ಕೆನೆ ಕಟ್ಟಿತ್ತು. ಧೂಳಿರಬೇಕು ಅಂದುಕೊಂಡ. ಇಂಗಿಸಿದ ಮೇಲೆ ಬಟ್ಟಲಲ್ಲಿ ಉಳಿದ ಹರಳು ಯಾವಾಗಿನ ಹಾಗೆ ಪುಟ್ಟ ಪುಟ್ಟ ಡಬ್ಬಿಯಂತಿರಲಿಲ್ಲ. ಚಪ್ಪಟೆಯಾಗಿ, ತಗಡಿನ ಚೂರಿನಂತೆ ಮಿನುಗುತ್ತಿತ್ತು. ಚೆನ್ನಾಗೇ ಕಾಣ್ತದಲ್ಲ ಅಂದುಕೊಂಡ. ಮೂರು ಸಲ ಅದು ಅವನನ್ನು ಕೂಗಿ ಕರೆಯಿತು ಕಣ್ರೀ, ಮೂರು ಸಲವೂ ಈ ಪುಣ್ಯಾತ್ಮ ಓಗೊಡಲಿಲ್ಲ.

ಇನ್ನು ಉಳಿದದ್ದು ರುಚಿ ನೋಡುವುದು. ಕಾರ್ತಿಕ ಸೋಮವಾರ ತಮ್ಮಯ್ಯನಿಗೆ ಉಪವಾಸ. ಸಂಜೆ ಗುಡಿಯಲ್ಲಿ ದೀಪ ಹಚ್ಚುವ ತನಕ ಬಾಯಿಗೆ ನೀರು ಬಿಟ್ಟರೆ ಏನೂ ಇಲ್ಲ, ಉಪ್ಪಂತೂ ಮುಟ್ಟುವ ಹಾಗೇ ಇಲ್ಲ. ಹಿಂದೆ ಈ ಪಾಠ ಯಾವತ್ತೂ ಸೋಮವಾರ ಬಿದ್ದಿರಲಿಲ್ಲ. ಒಂದು ಹರಳಿಗೆ ವ್ರತ ಕೆಡಿಸುವುದೇ? ಮಧ್ಯಾಹ್ನ ಮೇಷ್ಟ್ರು ಬಂದು ಬಟ್ಟಲು ಎತ್ತಿಕೊಂಡರು.

"ರುಚಿ ನೋಡಿದ್ಯೇನೋ?"

"ಹೂಂ ಸಾರ್" ಅಂದ ತಮ್ಮಯ್ಯ.

ವ್ರತ ಅಂತ ಹೇಳಬಹುದಾಗಿತ್ತು. ಮೇಷ್ಟ್ರೂ ಲಿಂಗ ಕಟ್ಟಿದವರೇ, ಬೈಯುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷ ಹೂಂ ಅಂದ ಬಾಯಿ, ಈಗಲೂ ಹೂಂ ಅಂದಿತು.

ಒಳಕೋಣೆಯಲ್ಲಿ ತಮ್ಮಯ್ಯ ಸಾಮಾನು ತೊಳೆಯಲು ಕೂತ. ಬಾಗಿಲಾಚೆ ಮೇಷ್ಟ್ರ ದನಿ: "ತಮ್ಮಯ್ಯ ತಿಂದಿದಾನೆ, ಇನ್ನೂ ನಿಂತಿದಾನೆ. ಹಂಗಾದ್ರೆ ನಾನೂ ತಿನ್ನಬಹುದು!" ಮಕ್ಕಳ ನಗು. ತಮ್ಮಯ್ಯ ಬಟ್ಟಲಲ್ಲಿ ಉಳಿದಿದ್ದ ಕಾಸ್ಟಿಕ್ ನೀರನ್ನು ತೊಟ್ಟಿಗೆ ಸುರಿದ. ತೊಟ್ಟಿಯಲ್ಲಿ ಬೆಳಿಗ್ಗೆ ಬ್ಯಾಟರಿ ಆಸಿಡ್ಡಿನ ಕೊಳವೆಗಳನ್ನು ತೊಳೆದ ನೀರಿತ್ತು. ಸುರಿದದ್ದೇ ತಡ, ತೊಟ್ಟಿ ಪೂರ್ತಿ ಹಾಲಾಯಿತು.

ತಮ್ಮಯ್ಯ ಆ ಹಾಲನ್ನೇ ನೋಡುತ್ತಾ ನಿಂತ. ಆಚೆ ಕರಕರ ಸದ್ದು. ಆಮೇಲೆ ಮೇಷ್ಟ್ರು, "ಥೂ, ಕಹಿ ಕಣ್ರೋ! ತಮ್ಮಯ್ಯ ಕಹಿ ಸೌತೆಕಾಯಿ ತಂದವ್ನೆ. ಇರಿ, ಇನ್ನೊಂದು ಹೋಳು ನೋಡ್ತೀನಿ" ಅಂದರು. ಮತ್ತೆ ನಗು.

ಆಗ ಓಡಬೇಕಾಗಿತ್ತು. ಅಯ್ಯೋ, ಆಗ ಓಡಬೇಕಾಗಿತ್ತು! ಅವನು ಓಡಲಿಲ್ಲ. ಈಗ ಕೂಗಿದರೆ ಚೀಟಿಯ ಮಾತು ಬರುತ್ತದೆ, ಚೀಟಿಯ ಮಾತು ಬಂದರೆ ಓದಲು ಬಾರದ ಮಾತು ಬರುತ್ತದೆ, ಅಷ್ಟೂ ಮಕ್ಕಳ ಮುಂದೆ, ಹೆಡ್‌ಮಾಸ್ಟರ ಮುಂದೆ. ಒಂದು ಹೋಳಿಗೆ ಏನಾಗ್ತದೆ, ಏನೂ ಆಗಲಿಕ್ಕಿಲ್ಲ ಅಂತ ಒಳಗಿನಿಂದ ಯಾರೋ ಪಿಸುಗುಟ್ಟಿದ ಹಾಗಾಯಿತು. ಎರಡನೇ ಹೋಳು ಕರಕರ ಅಂತ ಮುರಿದ ಸದ್ದನ್ನು ಅವನು ನಿಂತಲ್ಲಿಂದಲೇ ಕೇಳಿದ. ಹೆಚ್ಚೆಂದರೆ ಒಂದು ನಿಮಿಷ ಆಗಿರಬೇಕು.

"ಬನ್ರೋ ಸಾಲಾಗಿ, ಕೈ ಒಡ್ಡಿ" ಅನ್ನುವ ಮಾತು ಕಿವಿಗೆ ಬಿತ್ತು. ಬೆಂಚುಗಳು ಸರಿದವು. ಆಗ ಎಲ್ಲಿತ್ತೋ ಆ ಜೀವ, ತಮ್ಮಯ್ಯ ಬಾಗಿಲು ದೂಡಿಕೊಂಡು ನುಗ್ಗಿ, ಮೇಷ್ಟ್ರ ಕೈಯ ಬಟ್ಟಲಿಗೆ ಬಡಿದ. ಪಿಂಗಾಣಿ ಚೂರುಚೂರಾಯಿತು.

"ಉಗೀರಿ ಸಾರ್! ಹಾಲಿನ ಬಾಟ್ಲಿ ಸಾರ್ ಅದು! ಉಗೀರಿ!"

ಮೇಷ್ಟ್ರ ಮುಖದ ನಗು ನಿಧಾನಕ್ಕೆ ಇಳಿಯಿತು. ಅವರು ಕೂಗಾಡಲಿಲ್ಲ. ಮಕ್ಕಳಿಗೆ, "ಯಾರಾದ್ರೂ ನಾಲಿಗೆಗೆ ಇಟ್ರಾ? ಇಲ್ವಲ್ಲ? ಎಲ್ಲಾ ಆಚೆ ಹೋಗಿ, ಕೈ ತೊಳ್ಕೊಳ್ಳಿ" ಅಂದರು. ಆಮೇಲೆ ಒಳಕೋಣೆಯ ತೊಟ್ಟಿಗೆ ಬಗ್ಗಿ ಗಂಟಲಿಗೆ ಬೆರಳು ಹಾಕಿದರು. ಎರಡು ಸಲ ಕಾರಿಕೊಂಡು, ಬೆವರುತ್ತಾ ಗಾಜಿನ ಬೀರುವಿನ ಕಡೆ ನೋಡಿದರು.

"ಭೇದಿ ಉಪ್ಪು ಬೇಕು. ಇಲ್ಲೂ ಇದೆ, ಆದ್ರೆ ಚೀಟಿ ನಂಬೋ ಹಂಗಿಲ್ಲ ಇನ್ನು. ದೇವೀರಪ್ಪನ ಅಂಗಡಿಗೆ ಓಡು. ಎತ್ತಿಗೆ ಹಾಕ್ತಾರಲ್ಲ, ಅದೇ."

ತಮ್ಮಯ್ಯ ಚಪ್ಪಲಿ ಬಿಟ್ಟು ಓಡಿದ. ಪೇಟೆ ಬೀದಿಯ ಕೊನೆಗೆ ದೇವೀರಪ್ಪನ ಅಂಗಡಿ. ಎತ್ತಿನ ಹೊಟ್ಟೆ ಉಬ್ಬರಕ್ಕೆ ಕೊಡುವ ಆ ಉಪ್ಪನ್ನು ಪೊಟ್ಟಣ ಕಟ್ಟಲೂ ಬಿಡದೆ ಕೈಯಿಂದ ಕಿತ್ತುಕೊಂಡು ಬಂದ. ನೆಲದ ಮೇಲೆ ಚೆಲ್ಲಿದ್ದ ವಿಷದುಪ್ಪನ್ನು ಒಂದಿಷ್ಟು ನೀರಿಗೆ ಹಾಕಿ, ಅದಕ್ಕೆ ಭೇದಿ ಉಪ್ಪಿನ ನೀರು ಬಿಟ್ಟ. ಬಿಳಿ ಹಾಲಾಗಿ ತಳಕ್ಕೆ ಕೂತಿತು. ಮೇಷ್ಟ್ರು ಗೋಡೆಗೆ ಒರಗಿಕೊಂಡೇ ಅದನ್ನು ನೋಡಿ, "ಭೇಷ್, ಅದೇ. ಹೊಟ್ಟೇಲೂ ಹಂಗೇ ಆಗ್ಬೇಕು. ಕರಗದೇ ಇದ್ರೆ ವಿಷ ಏನೂ ಮಾಡಲ್ಲ" ಅಂದರು. ಆ ಹೊತ್ತಲ್ಲೂ ಪಾಠ! ತಮ್ಮಯ್ಯ ಲೋಟದಲ್ಲಿ ಭೇದಿ ಉಪ್ಪು ಕದಡಿ, ಮೊದಲು ತಾನೇ ಒಂದು ಗುಟುಕು ಕುಡಿದ. ವ್ರತ ಮುರಿಯಿತು. ಕುಡಿದು, ನಿಂತು, ಆಮೇಲೆ ಲೋಟವನ್ನು ಅವರ ಬಾಯಿಗೆ ಹಿಡಿದ.

ಹೆಡ್‌ಮಾಸ್ಟರು ಕಾರು ತರಿಸುವ ಹೊತ್ತಿಗೆ ಮೇಷ್ಟ್ರ ತುಟಿ ಜೋಮು ಹಿಡಿದಿತ್ತು. ತರೀಕೆರೆ ದಾರಿಯಲ್ಲಿ ಕಾಲು ಸೋತಿತು. ಹಿಂದಿನ ಸೀಟಿನಲ್ಲಿ ಅವರ ತಲೆ ಮಲ್ಲಿಕಾರ್ಜುನಪ್ಪನವರ ತೊಡೆಯ ಮೇಲೆ, ಪಾದ ತಮ್ಮಯ್ಯನ ಮಡಿಲಲ್ಲಿ.

"ಹೆಂಗಾಯ್ತು ಮೂರ್ತಿ ಇದು? ಯಾರು ಮಾಡಿದ್ದು?" ಅಂತ ಹೆಡ್‌ಮಾಸ್ಟರು ಕೇಳಿದರು.

"ನಾನೇ. ಅವಸರದಲ್ಲಿ ಬೇರೆ ಬಾಟ್ಲಿ ತೆಕ್ಕೊಟ್ಟೆ. ತಮ್ಮಯ್ಯಂದು ಏನೂ ಇಲ್ಲ."

ತಮ್ಮಯ್ಯ ಬಾಯಿ ತೆರೆದ. ಮೇಷ್ಟ್ರು ಅವನನ್ನೇ ನೋಡಿ, ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. ಅವರು ಬೇಡ ಅಂದದ್ದೇ ಸಾಕು ಅನ್ನುವ ಹಾಗೆ ಅವನು ಬಾಯಿ ಮುಚ್ಚಿಕೊಂಡ. ದೊಡ್ಡಾಸ್ಪತ್ರೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಓಂಕಾರಮೂರ್ತಿ ಮೇಷ್ಟ್ರ ಎದೆ ನಿಂತಿತು. ಡಾಕ್ಟ್ರು ತಮ್ಮಷ್ಟಕ್ಕೇ ಅಂದರು: "ಹೊಟ್ಟೆಯಲ್ಲಿದ್ದದ್ದನ್ನ ಆ ಉಪ್ಪು ಹಿಡೀತು, ಆಗಲೇ ರಕ್ತಕ್ಕೆ ಹೋಗಿದ್ದನ್ನ ಹಿಡೀಲಿಲ್ಲ. ಒಂದೇ ಹೋಳು ತಿಂದಿದ್ರೆ ಉಳೀತಿದ್ರೇನೋ." ಅದೇ ಹೊತ್ತಿಗೆ ಅಜ್ಜಂಪುರದ ಗುಡಿಯಲ್ಲಿ ಹಾಲಮ್ಮ ದೀಪ ಹಚ್ಚಿ, ಗಂಡ ಬಂದು ಉಪವಾಸ ಬಿಡಲಿ ಅಂತ ಕಾಯುತ್ತಿದ್ದಳು.

ವಿಚಾರಣೆ ಆಯಿತು. ಮೇಷ್ಟ್ರ ಅಜಾಗರೂಕತೆ ಅಂತ ಬರೆದು ಫೈಲು ಮುಚ್ಚಿದರು. ಊರಲ್ಲಿ ಆಡಿಕೊಳ್ಳದವರಿಲ್ಲ: "ಅಷ್ಟು ಓದಿದ ಮನುಷ್ಯ, ವಿಷದ ಬಾಟ್ಲಿ ಗೊತ್ತಾಗ್ಲಿಲ್ವೇ? ಮಕ್ಕಳನ್ನೂ ಸಾಯಿಸ್ತಿದ್ದ!" ಅವರ ಹೆಂಡತಿ ವಿಶಾಲಾಕ್ಷಮ್ಮ ಆ ಮಾತು ಕೇಳಲಾರದೆ ತರೀಕೆರೆಗೆ, ತವರು ಮನೆಗೆ ಹೊರಟುಹೋದರು. ತಮ್ಮಯ್ಯ ಅದೇ ಲ್ಯಾಬಿನಲ್ಲಿ ಅದೇ ಕೆಲಸ ಮಾಡಿಕೊಂಡಿದ್ದ. ಉಪ್ಪಿನ ಪಾಠವನ್ನು ಬೋರ್ಡಿನ ಮೇಲೆ ಬರೆದು ಮುಗಿಸುತ್ತಿದ್ದರು. ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಅವನಿಗೆ ಬೆಳ್ಳಗಿರುವುದೆಲ್ಲ ಹಾಗೇ ಕಾಣುತ್ತಿತ್ತು. "ಏನಾಗೈತ್ರೀ ನಿಮ್ಗೆ, ಹೇಳಬಾರ್ದಾ?" ಅಂತ ಹಾಲಮ್ಮ ವರ್ಷಗಟ್ಟಲೆ ಕೇಳಿದಳು. "ಏನಿಲ್ಲ ಕಣೇ, ಸೇರಾಕಿಲ್ಲ" ಅಂದು ಎದ್ದುಹೋಗುತ್ತಿದ್ದ.

1986ರಲ್ಲಿ ರಿಟೈರ್ ಆದ. ಶಾಲು ಹೊದಿಸಿ, ಹಾರ ಹಾಕಿ, ಲ್ಯಾಬಿನ ಬಾಟ್ಲಿಗಳನ್ನು ಕಣ್ಣು ಮುಚ್ಚಿ ಗುರುತು ಹಿಡಿಯುವವನು ಅಂತ ಹೊಗಳಿದರು. ಆ ಶಾಲು ಅವನಿಗೆ ಮೈಮೇಲೆ ಕೆಂಡ ಹೊದ್ದ ಹಾಗಾಯಿತು. ಮರುದಿನವೇ ಬಸ್ಸು ಹತ್ತಿ ತರೀಕೆರೆಗೆ ಹೋಗಿ, ವಿಶಾಲಾಕ್ಷಮ್ಮನವರ ಜಗಲಿಯಲ್ಲಿ ಕೂತ. ನೀರು ಕೊಟ್ಟರು, ಕುಡಿಯಲಿಲ್ಲ. ಆಯುಧಪೂಜೆ, ತೊಟ್ಟಿ, ಚೀಟಿ ಎಲ್ಲಾ ಒಂದೇ ಉಸಿರಿಗೆ ಹೇಳಿ, "ನಂಗೆ ಓದಕ್ಕೆ ಬರಲ್ಲ ಅಮ್ಮಾವ್ರೇ. ಯಾವತ್ತೂ ಬರ್ತಿರ್ಲಿಲ್ಲ. ಅದ್ನ ಮುಚ್ಚಿಡಕ್ಕೆ ಹೋಗಿ ಹಿಂಗಾಯ್ತು. ಮೇಷ್ಟ್ರಿಗೂ ಗೊತ್ತಿರ್ಲಿಲ್ಲ" ಅಂದ.

ವಿಶಾಲಾಕ್ಷಮ್ಮ ನೀರಿನ ಲೋಟವನ್ನು ಮತ್ತೆ ಅವನ ಕಡೆ ಸರಿಸಿದರು.

"ಅವ್ರಿಗೆ ಗೊತ್ತಿತ್ತು ಕಣಪ್ಪ."

"ಏನಮ್ಮಾ?"

"ನಿಂಗೆ ಓದಕ್ಕೆ ಬರಲ್ಲ ಅಂತ. ನೀನು ಲ್ಯಾಬಿಗೆ ಸೇರಿದ ಮೊದಲ್ನೇ ತಿಂಗ್ಳೇ ಗೊತ್ತಾಗಿತ್ತು. ಮನೇಲಿ ಹೇಳಿದ್ರು, ಅವನ ಕೈ ನನ್ನ ಕಣ್ಣಿಗಿಂತ ವಾಸಿ, ಯಾರ ಮುಂದೂ ಬಾಯಿ ಬಿಡಬೇಡ ಅಂತ. ಆ ಬಾಟ್ಲಿಗಳ ಜಾಗ ಬದಲಾಯಿಸಕ್ಕೆ ಇಪ್ಪತ್ತು ವರ್ಷ ಯಾರನ್ನೂ ಬಿಡ್ಲಿಲ್ಲ, ಯಾಕೆ ಅಂದ್ಕೊಂಡಿದ್ದೆ? ನಿನಗೋಸ್ಕರ ಕಣೋ! ಹಬ್ಬ ಮುಗಿಸ್ಕೊಂಡು ಬಂದ್ಮೇಲೆ ಒಂದು ಮಾತು ಹೇಳಿದ್ದಿದ್ರೆ ನಕ್ಕು ಸುಮ್ನಾಗ್ತಿದ್ರು."

ಯಾವ ಗುಟ್ಟನ್ನು ಕಾಯಲು ತಮ್ಮಯ್ಯ ಆ ಒಳಕೋಣೆಯಲ್ಲಿ ಒಂದು ನಿಮಿಷ ನಿಂತಿದ್ದನೋ, ಆ ಗುಟ್ಟು ಗುಟ್ಟೇ ಆಗಿರಲಿಲ್ಲ. ಆ ನಿಮಿಷದ ಮಾತನ್ನು ಅವನು ಅವರಿಗೆ ಇನ್ನೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ. ವಿಶಾಲಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಮಾನ ಅವರು ಕಾಯ್ದು ಹೋದ್ರು. ಅವರ ಹೆಸರು ಎಂಟು ವರ್ಷದಿಂದ ಬೀದೀಲಿ ಬಿದ್ದದೆ. ಏಳು, ಅಜ್ಜಂಪುರಕ್ಕೆ ಹೋಗಾನ" ಅಂದರು.

ಮಲ್ಲಿಕಾರ್ಜುನಪ್ಪನವರು ಇನ್ನೂ ಹೆಡ್‌ಮಾಸ್ಟರಾಗಿಯೇ ಇದ್ದರು. ತಮ್ಮಯ್ಯ ಹೇಳಿದ್ದನ್ನೆಲ್ಲ ಕೇಳಿ, ಬೆವರು ಒರೆಸಿಕೊಂಡು, ತಾವೇ ಕಾಗದದ ಮೇಲೆ ಬರೆದುಕೊಂಡರು. ಚೀಟಿ ಅದಲುಬದಲಾದದ್ದು, ರುಚಿ ನೋಡದೆ ಹೂಂ ಅಂದದ್ದು, ಓದಲು ಬಾರದಿದ್ದದ್ದು. ಬರೆದು ಮುಗಿಸಿ, "ಇಷ್ಟೇ ತಾನೆ?" ಅಂದರು.

ತಮ್ಮಯ್ಯ ವಿಶಾಲಾಕ್ಷಮ್ಮನವರ ಕಡೆ ತಿರುಗಲಿಲ್ಲ. ನೆಲ ನೋಡುತ್ತಾ ಹೇಳಿದ: "ಇನ್ನೊಂದು ಐತೆ ಸಾರ್. ಎರಡನೇ ಹೋಳು ತಿನ್ನೋ ಮುಂಚೇನೇ ನಂಗೆ ಗೊತ್ತಾಗಿತ್ತು. ತೊಟ್ಟಿ ಹಾಲಾಗಿತ್ತು. ನಾನು ಕೂಗ್ಲಿಲ್ಲ. ನಿಂತ್ಕಂಡು ಕೇಳಿಸ್ಕಂಡೆ. ಅದ್ನೂ ಬರ್ಕೊಳ್ಳಿ."

ವಿಶಾಲಾಕ್ಷಮ್ಮ ಕುರ್ಚಿಯಿಂದ ಎದ್ದು, ಅವನ ಪಕ್ಕದಿಂದ ಹಾದು, ಆಚೆ ಹೋಗಿ ಜಗಲಿಯ ಕಂಬ ಹಿಡಿದು ನಿಂತರು. ಹೆಡ್‌ಮಾಸ್ಟರು ಆ ಎರಡು ಸಾಲನ್ನೂ ಬರೆದು, ಕಾಗದವನ್ನು ಅವನ ಕಡೆ ಸರಿಸಿ, ಪೆನ್ನು ಮುಂದೆ ಹಿಡಿದರು.

"ಸಹಿ ಹಾಕು ತಮ್ಮಯ್ಯ."

ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕದಲ್ಲಿ ದಿನಾ ಎಳೆದ ಆ ಮೂರಕ್ಷರ ಅವನ ಬೆರಳ ತುದಿಯಲ್ಲೇ ಇತ್ತು. ಅವನು ಪೆನ್ನು ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಮುದ್ರೆಯ ಇಂಕಿನ ಡಬ್ಬಿ ತೆಗೆದು, ಎಡಗೈ ಹೆಬ್ಬೆರಳನ್ನು ಅದ್ದಿ, ಕಾಗದದ ಕೆಳಗೆ ಒತ್ತಿದ.